ತುಂಗಭದ್ರೆಯ ಅಣೆಯಿಂದ ಪಂಪಾಸರಸ್ಸಿನವರೆಗೆ

ಹಂಪೆಯ ಯಾತ್ರೆಯನ್ನು ಕುರಿತು ನಮ್ಮ ಭಾಷೆಯಲ್ಲಿ ಬಂದಿರುವ ಲೇಖನಗಳು ಅನೇಕ. ಅವುಗಳಲ್ಲಿ ಬಹುಭಾಗವು ದೇವಾಲಯಗಳನ್ನೂ ಅರಮನೆಗಳ ತಳಪಾಯಗಳನ್ನೂ ಭಗ್ನವಾದ ವಿಗ್ರಹಗಳನ್ನೂ ವರ್ಣಿಸುವುದರಲ್ಲಿಯೇ ಮುಗಿಯುವುವು. ಅದು ಸಹಜವೇ ಸರಿ. ಕಲ್ಲು ಕಣ್ಣಿಗೆ ಬೇಗನೆ ಬೀಳುವುದು. ಆದರೆ ಆ ಮಹಾನಗರದ ಅಸಂಖ್ಯಾತ ಜನರು ಕುಡಿದ ನೀರು ಎಲ್ಲಿಂದ ಬಂದಿತು, ಅದನ್ನು ಯಾರು ತಂದರು, ತಂದುದನ್ನು ಯಾರು ಉಳಿಸಿಕೊಂಡರು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಈ ಪ್ರಶ್ನೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು, ಮಳೆಗಾಲ ಕಳೆಯುತ್ತಿದ್ದ ಒಂದು ದಿನ ನಾವು ನಾಲ್ವರು ಮಿತ್ರರು ಮೋಟಾರು ಗಾಡಿಯಲ್ಲಿ ಹೊರಟು, ನೀರಿನ ಅಂಚನ್ನೇ ಹಿಡಿದು ಸಂಚರಿಸಿ ಬಂದೆವು. ತುಂಗಭದ್ರೆಯ ದೊಡ್ಡ ಅಣೆಕಟ್ಟು, ಹೊಸಪೇಟೆಯ ದಕ್ಷಿಣದ ರಾಯಕೆರೆ, ಅನಂತಶಯನಗುಡಿ, ಕಮಲಾಪುರದ ಕೆರೆ, ನದಿಯಾಚೆಯ ಪಂಪಾಸರಸ್ಸು - ಇವು ನಮ್ಮ ನಿಲುಗಡೆಗಳು. ದಾರಿ ದೀರ್ಘವಾದುದಲ್ಲ, ಬೆಳಗಿನಲ್ಲಿ ಹೊರಟವರು ಸಂಜೆಯೊಳಗೆ ಮುಗಿಸಬಹುದು. ಆದರೆ ನಮ್ಮ ಕಾಲದಲ್ಲಿ ಕಟ್ಟಿದುದರಿಂದ ಹೊರಟು ವಾಲ್ಮೀಕಿಗಳು ವರ್ಣಿಸಿದುದನ್ನು ಮುಟ್ಟುವ ದಾರಿಯಾದುದರಿಂದ, ಅದರಲ್ಲಿ ಹೋಗುವವನು ಕಾಲದಲ್ಲಿ ಬಹುದೂರ ಹಿಂದಕ್ಕೆ ಹೋಗುತ್ತಾನೆ.

ಹೊಸಪೇಟೆಯಿಂದ ಪಶ್ಚಿಮಕ್ಕೆ ಸುಮಾರು ಐದು ಕಿಲೋಮೀಟರು ಹೋದರೆ ತುಂಗಭದ್ರಾ ಜಲಾಶಯ. ಗುಡ್ಡದ ಮೇಲಿನ ವೈಕುಂಠವೆಂಬ ಅತಿಥಿಗೃಹದ ಬಳಿ ನಿಂತು ನೋಡಿದರೆ ಎದುರಿನ ದಡ ಕಾಣುವುದಿಲ್ಲ. ಪೂರ್ಣವಾಗಿ ತುಂಬಿದಾಗ ಈ ನೀರು ೩೭೮ ಚದರ ಕಿಲೋಮೀಟರಿನಷ್ಟು ನೆಲವನ್ನು ವ್ಯಾಪಿಸುವುದು. ಬೆಳಗಿನ ಎಳೆಬಿಸಿಲಿನಲ್ಲಿ ಅದು ತಾಮ್ರದ ತಟ್ಟೆಯಂತೆ ಹೊಳೆಯುತ್ತಿತ್ತು. ಜೊತೆಯಲ್ಲಿದ್ದವರು ಅರ್ಧಗಳಿಗೆಯವರೆಗೆ ಮಾತನಾಡಲಿಲ್ಲ. ೧೯೪೫ನೆಯ ಇಸವಿ ಫೆಬ್ರುವರಿ ೨೮ರಂದು ಈ ಅಣೆಗೆ ಅಡಿಗಲ್ಲುಗಳನ್ನಿಟ್ಟರು. ಆಗ ನದಿಯ ಒಂದು ದಡವು ಹೈದರಾಬಾದು ನಿಜಾಮರ ಸಂಸ್ಥಾನಕ್ಕೂ ಇನ್ನೊಂದು ದಡವು ಮದರಾಸು ಪ್ರಾಂತಕ್ಕೂ ಸೇರಿದ್ದುವು. ಎರಡು ಸರಕಾರಗಳೂ ಕೂಡಿ ಕೈಹಾಕಿದ ಕೆಲಸವಿದು. ೧೯೫೩ರಲ್ಲಿ ಕಟ್ಟಡವು ಮುಗಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸಪೇಟೆಯ ಸೀಮೆಯು ಮದರಾಸನ್ನು ಬಿಟ್ಟು ಮೈಸೂರನ್ನು ಸೇರಿತು. ಈ ಅಣೆಯನ್ನು ಕಲ್ಲಿನಿಂದಲೂ ಸುರ್ಕಿ ಗಾರೆಯಿಂದಲೂ ಕಟ್ಟಿದ್ದಾರೆ. ಈ ಗಾರೆಯ ವಿಚಾರವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ನಿಲುಗಡೆಯಲ್ಲಿ ಅದಕ್ಕೆ ಪ್ರಸಕ್ತಿ ಬರುವುದು.

ಈ ನೀರಿನ ಕೆಳಗೆ ತೊಂಬತ್ತರಷ್ಟು ಹಳ್ಳಿಗಳು ಮುಳುಗಿದುವು. ಐವತ್ತು ಸಾವಿರಕ್ಕೂ ಹೆಚ್ಚು ಜನರು ಮನೆ, ಹೊಲ, ಗುಡಿ, ಪೂರ್ವಿಕರ ಸಮಾಧಿಗಳನ್ನು ಬಿಟ್ಟು ಎದ್ದು ಹೋಗಬೇಕಾಯಿತು. ಇಂದು ಕೊಪ್ಪಳ, ರಾಯಚೂರು, ಬಳ್ಳಾರಿಗಳ ಸೀಮೆಯಲ್ಲಿಯೂ ಆಂಧ್ರದ ಅನಂತಪುರ, ಕರ್ನೂಲುಗಳಲ್ಲಿಯೂ ಅನ್ನವನ್ನುಣ್ಣುವವರು ಆ ಜನರಿಗೆ ಋಣಿಗಳು. ದೇವಋಣ, ಋಷಿಋಣ, ಪಿತೃಋಣಗಳೆಂದು ನಮ್ಮವರು ಮೂರು ಋಣಗಳನ್ನು ಹೇಳಿದ್ದಾರೆ. ದೊಡ್ಡ ಜಲಾಶಯದ ದಡದಲ್ಲಿ ನಿಂತವನು ನಾಲ್ಕನೆಯ ಒಂದನ್ನೂ ಎಣಿಸಬೇಕೆಂದು ನನಗೆ ತೋರಿತು.

ಇಲ್ಲಿಯೇ ಒಂದು ಶಾಸನವನ್ನು ಸ್ಮರಿಸುವುದು ಯುಕ್ತ. ಕಡಪ ಜಿಲ್ಲೆಯ ಪೊರುಮಾಮಿಳ್ಳದಲ್ಲಿ ವಿಜಯನಗರದ ಮೊದಲನೆಯ ಬುಕ್ಕರಾಯನ ಮಗನಾದ ಭಾಸ್ಕರನು ಕ್ರಿ. ಶ. ೧೩೬೯ರಲ್ಲಿ ಒಂದು ಮಹಾತಟಾಕವನ್ನು ಕಟ್ಟಿಸಿ ಸಂಸ್ಕೃತದಲ್ಲಿ ಶಾಸನವನ್ನು ಬರೆಯಿಸಿದನು. ಎರಡು ವರ್ಷಗಳ ಕಾಲ ದಿನವೂ ಸಾವಿರ ಆಳುಗಳು, ಕಲ್ಲು ಸಾಗಿಸುವುದಕ್ಕೆ ನೂರು ಬಂಡಿಗಳು ದುಡಿದುವೆಂದು ಅದರಿಂದ ತಿಳಿದುಬರುತ್ತದೆ. ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಕೆರೆಗೆ ಒದಗಬಹುದಾದ ಆರು ದೋಷಗಳನ್ನೂ ಆ ಶಾಸನವು ಎಣಿಸಿ ಹೇಳುವುದು. ಧರ್ಮಿಷ್ಠನೂ ಧನವಂತನೂ ಆದ ಒಡೆಯ, ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸ, ಗಟ್ಟಿಯಾದ ಮಣ್ಣಿನ ನೆಲ, ಮೂರು ಯೋಜನಗಳಿಂದ ಹರಿದುಬರುವ ಸಿಹಿನೀರಿನ ನದಿ, ಇಕ್ಕೆಡೆಯಲ್ಲಿ ಬೆಟ್ಟ, ಅವುಗಳ ನಡುವೆ ಅತಿ ಉದ್ದವಲ್ಲದ ಗಟ್ಟಿಯಾದ ಕಲ್ಲಿನ ಕಟ್ಟೆ, ಆಳವೂ ವಿಸ್ತಾರವೂ ಆದ ಒಡಲು, ನೀಳವಾದ ಕಲ್ಲು ದೊರೆಯುವ ಗಣಿ, ಕುಶಲರಾದ ಕೆಲಸಗಾರರ ಸಮೂಹ - ಸಾಧನಗಳಲ್ಲಿ ಮುಖ್ಯವಾದುವು ಇವು. ಕಟ್ಟೆಯಿಂದ ನೀರು ಜಿನುಗುವುದು, ಉಪ್ಪುಮಣ್ಣು, ನಡುವೆ ಎತ್ತರದ ದಿಣ್ಣೆ, ನೀರು ಸ್ವಲ್ಪವಾಗಿ ಭೂಮಿ ಬಹಳವಾಗಿರುವುದು, ಭೂಮಿ ಸ್ವಲ್ಪವಾಗಿ ನೀರು ಬಹಳವಾಗಿರುವುದು, ಎರಡು ರಾಜ್ಯಗಳ ಎಲ್ಲೆಯಲ್ಲಿರುವುದು - ಇವು ಆರು ದೋಷಗಳು.

ಕೊನೆಯ ದೋಷವನ್ನು ನೋಡಿರಿ. ಇಬ್ಬರು ಒಡೆಯರ ನಡುವಿನ ಕೆರೆಯು ಜಗಳಕ್ಕೆ ಮೂಲವಾಗುವುದೆಂದೂ ಅದರ ಪೋಷಣೆಯನ್ನು ಒಬ್ಬನು ಇನ್ನೊಬ್ಬನ ಮೇಲೆ ಹಾಕುವನೆಂದೂ ಆ ಶಾಸನವನ್ನು ರಚಿಸಿದವರು ಅನುಭವದಿಂದ ಕಂಡಿರಬೇಕು. ತುಂಗಭದ್ರೆಯ ಅಣೆಯು ಹುಟ್ಟಿದುದೇ ಎಲ್ಲೆಯಲ್ಲಿ. ಇಂದಿಗೂ ಅದರ ನೀರನ್ನು ಕರ್ನಾಟಕ, ಆಂಧ್ರ, ತೆಲಂಗಾಣಗಳೆಂಬ ಮೂರು ರಾಜ್ಯಗಳು ಹಂಚಿಕೊಳ್ಳುತ್ತಿವೆ. ಈ ದೋಷಕ್ಕೆ ಪರಿಹಾರವಾಗಿ ೧೯೫೩ರಲ್ಲಿ ಎಲ್ಲರಿಗೂ ಸಮಾನವಾದ ತುಂಗಭದ್ರಾ ಮಂಡಲಿಯು ಸ್ಥಾಪಿತವಾಯಿತು. ಆದರೆ ಶಾಸನವು ಹೇಳದೆ ಬಿಟ್ಟ ಏಳನೆಯ ದೋಷವೊಂದುಂಟು, ಅದು ಹೂಳು. ಆರಂಭದಲ್ಲಿ ೧೩೩ ಶತಕೋಟಿ ಘನ ಅಡಿಗಳಷ್ಟು, ಅಂದರೆ ಜನರು ಈಗ ಟಿ. ಎಂ. ಸಿ. ಎಂದು ಹೇಳುವ ಮಾನದಲ್ಲಿ ೧೩೩ರಷ್ಟು ನೀರನ್ನು ಹಿಡಿಯಬಲ್ಲುದೆಂದು ಲೆಕ್ಕಹಾಕಿದ್ದ ಈ ಜಲಾಶಯವು ೨೦೧೬ರ ಅಳತೆಯಲ್ಲಿ ೧೦೬ಕ್ಕಿಂತಲೂ ಸ್ವಲ್ಪ ಕಡಮೆಯಾಗಿ ಕಂಡಿತು. ಮೇಲಿನ ನಾಡಿನ ಮಣ್ಣು ಪ್ರತಿ ಮಳೆಗಾಲದಲ್ಲಿಯೂ ಬಂದು ಇದರ ಹೊಟ್ಟೆಯಲ್ಲಿ ಕೂತಿದೆ.

ಹೂಳಿಗಿಂತ ಶೀಘ್ರವಾಗಿ ಬರುವ ವಿಪತ್ತೂ ಇದೆ. ಅಣೆಗೆ ೩೩ ಬಾಗಿಲುಗಳಿವೆ. ೨೦೨೪ನೆಯ ಇಸವಿ ಆಗಸ್ಟ್ ೧೦ರ ರಾತ್ರಿ, ಜಲಾಶಯವು ತುಂಬಿದ್ದಾಗ, ೧೯ನೆಯ ಬಾಗಿಲಿನ ಸರಪಣಿ ಕಡಿದು ಬಾಗಿಲೇ ಪ್ರವಾಹದಲ್ಲಿ ಕೊಚ್ಚಿಹೋಯಿತು. ಮೂರು ರಾಜ್ಯಗಳ ರೈತರು ನಿದ್ರೆಯಿಲ್ಲದೆ ಕಳೆದ ದಿನಗಳವು. ಅನುಭವಿಗಳೂ ವೃದ್ಧರೂ ಆದ ಇಂಜಿನಿಯರು ಕನ್ನಯ್ಯ ನಾಯುಡು ಅವರ ಮಾರ್ಗದರ್ಶನದಲ್ಲಿ, ಹರಿಯುತ್ತಿರುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಇಳಿಸಿ, ಸುಮಾರು ಒಂದು ವಾರದೊಳಗೆ ಆ ಕಂಡಿಯನ್ನು ತಾತ್ಕಾಲಿಕವಾಗಿ ಮುಚ್ಚಿದರು. ಒಂದು ಸರಪಣಿಯ ಕೊಂಡಿಯು ಸವೆದುದರಿಂದ ಒಂದು ಸೀಮೆಯ ಬೆಳೆಯೇ ಕೈತಪ್ಪುವ ಸಂದರ್ಭವು ಬಂದಿತ್ತು. ಕಟ್ಟುವ ಕಾಲದಲ್ಲಿ ಬೇಕಾದ ಧೈರ್ಯಕ್ಕಿಂತ ಕಾಯುವ ಕಾಲದಲ್ಲಿ ಬೇಕಾದ ಎಚ್ಚರಿಕೆಯು ದೊಡ್ಡದೆಂಬ ಮಾತು ನಮ್ಮ ಗುಂಪಿನಲ್ಲಿ ಇಲ್ಲಿಯೇ ಮೊದಲು ಹುಟ್ಟಿತು. ಮುಂದಿನ ದಾರಿಯೆಲ್ಲವೂ ಅದಕ್ಕೆ ವ್ಯಾಖ್ಯಾನದಂತಾಯಿತು.

ಅಲ್ಲಿಂದ ಹಿಂದಿರುಗಿ ಹೊಸಪೇಟೆಯನ್ನು ದಾಟಿ ದಕ್ಷಿಣಕ್ಕೆ ಹೋದೆವು. ಎರಡು ಬೆಟ್ಟಗಳ ಸಾಲುಗಳು ಸಮೀಪಿಸುವಲ್ಲಿ ಅವೆರಡನ್ನೂ ಜೋಡಿಸುವ ಮಹತ್ತರವಾದ ಏರಿಯೊಂದಿದೆ. ದಕ್ಷಿಣದ ತಾಲ್ಲೂಕುಗಳಿಗೆ ಹೋಗುವ ಹಳೆಯ ದಾರಿಯು ಈ ಏರಿಯ ಮೇಲೆಯೇ ಹಾದುದು. ತಿಳಿಯದವರು ಇದನ್ನು ಮಣ್ಣಿನ ಗುಡ್ಡವೆಂದೇ ಭಾವಿಸಿ ಹೋಗಿಬಿಡುವರು. ಇದೇ ರಾಯಕೆರೆ. ೧೫೨೦ರ ಸುಮಾರಿಗೆ ಕೃಷ್ಣದೇವರಾಯನ ರಾಜಧಾನಿಗೆ ಬಂದ ಪೋರ್ತುಗೀಸ ದೊಮಿಂಗೊ ಪಾಯೆಸನೂ, ೧೫೩೫ರ ಸುಮಾರಿಗೆ ಅಚ್ಯುತರಾಯನ ಕಾಲದಲ್ಲಿ ಬರೆದ ಫೆರ್ನಾಂವ್ ನೂನಿಜನೂ ರಾಯನು ಕಟ್ಟಿಸಿದ ದೊಡ್ಡ ಕೆರೆಯೊಂದನ್ನು ವಿಸ್ತಾರವಾಗಿ ವರ್ಣಿಸಿದ್ದಾರೆ. ಅವರಿಬ್ಬರ ಗ್ರಂಥಗಳನ್ನು ಇಂಗ್ಲಿಷಿಗೆ ತಂದು ೧೯೦೦ರಲ್ಲಿ ಪ್ರಕಟಿಸಿದ ರಾಬರ್ಟ್ ಸಿವೆಲ್ಲರು ಅದು ಈ ಕೆರೆಯೇ ಎಂದು ಗುರುತಿಸಿದರು. ಅವರು ನಾಗಲಾಪುರವೆಂದು ಕರೆದಿರುವ ಹೊಸ ಊರೇ ಇಂದಿನ ಹೊಸಪೇಟೆ. ರಾಯನು ತನ್ನ ಪ್ರಿಯಪತ್ನಿಯ ಸಲುವಾಗಿ ಆ ಊರನ್ನು ಕಟ್ಟಿಸಿದನೆಂದು ಅವರು ಹೇಳುತ್ತಾರೆ. ಶಾಸನಗಳಲ್ಲಿ ನಾಗಲಾದೇವಿಯೆಂಬುದು ರಾಯನ ತಾಯಿಯ ಹೆಸರೆಂಬುದನ್ನೂ ಇಲ್ಲಿ ಗಮನಿಸಬೇಕು.

ಪಾಯೆಸನು ಕೆಲಸವು ನಡೆಯುತ್ತಿರುವಾಗಲೇ ಕಣ್ಣಾರೆ ಕಂಡವನು. ಹದಿನೈದು ಇಪ್ಪತ್ತು ಸಾವಿರ ಜನರು ಇರುವೆಗಳಂತೆ ಮುತ್ತಿಕೊಂಡಿದ್ದರಿಂದ ನೆಲವೇ ಕಾಣುತ್ತಿರಲಿಲ್ಲವೆಂದು ಹೇಳಿದ್ದಾನೆ. ರಾಯನು ಕೆಲಸವನ್ನು ತನ್ನ ನಾಯಕರಿಗೆ ಪಾಲುಹಂಚಿ, ಅವರವರ ಪಾಲಿನ ಆಳುಗಳನ್ನು ದುಡಿಸುವ ಭಾರವನ್ನು ಅವರವರ ಮೇಲೆಯೇ ಹಾಕಿದ್ದನು. ನೂನಿಜನು ಹೇಳುವಂತೆ, ಹಗಲು ಹಾಕಿದ ಬಂಡೆಗಳೆಲ್ಲವೂ ರಾತ್ರಿ ಕುಸಿದು ಹಾಳಾಗುತ್ತಿದ್ದುವು. ಆಗ ರಾಯನು ಗೋವೆಯಿಂದ ಜೊಆಂವ್ ದೆಲ್ಲಾ ಪೊಂತೆಯೆಂಬ ಕಲ್ಲುಕೆಲಸದ ಪ್ರವೀಣನನ್ನು ಕರೆಯಿಸಿದನು. ಅವನು ಸುಣ್ಣವನ್ನು ಸಿದ್ಧಪಡಿಸಬೇಕೆಂದಾಗ ರಾಯನು ನಕ್ಕನಂತೆ. ಈ ನಾಡಿನಲ್ಲಿ ಕಟ್ಟಡಕ್ಕೆ ಸುಣ್ಣವನ್ನು ಬಳಸುವ ರೂಢಿಯಿಲ್ಲವೆಂದು ನೂನಿಜನ ವಿವರಣೆ. ಈ ಮಾತನ್ನು ಹಾಗೆಯೇ ಒಪ್ಪುವುದಕ್ಕಾಗುವುದಿಲ್ಲ. ಹಂಪೆಯ ಗೋಪುರಗಳ ಮೇಲ್ಭಾಗವೆಲ್ಲವೂ ಇಟ್ಟಿಗೆ ಗಾರೆಗಳದ್ದೇ. ದೊಡ್ಡ ಕಲ್ಲನ್ನು ಕಲ್ಲಿನ ಮೇಲೆ ಗಾರೆಯಿಲ್ಲದೆ ಕೂರಿಸುವ ನಮ್ಮ ಶಿಲ್ಪಿಗಳ ಪದ್ಧತಿಯನ್ನು ಕಂಡು ಪರದೇಶದವನು ಹಾಗೆ ಬರೆದನೆಂದು ತಿಳಿಯಬೇಕು. ಏನೇ ಇರಲಿ, ನಾನೂರು ವರ್ಷಗಳಿಗೂ ಮೇಲೆ ಅದೇ ಸೀಮೆಯಲ್ಲಿ ತುಂಗಭದ್ರೆಗೆ ಅಡ್ಡವಾಗಿ ಕಟ್ಟಿದ ಅಣೆಯನ್ನು ಗಾರೆಯೇ ಹಿಡಿದು ನಿಲ್ಲಿಸಿದೆಯೆಂಬುದು ಕುತೂಹಲಕರವಾದ ಸಂಗತಿ.

ಇನ್ನು ಹೇಳಬೇಕಾದುದು ಕಷ್ಟವಾದ ಮಾತು. ಆದರೆ ಇತಿಹಾಸವನ್ನು ಬರೆಯುವವನು ಅದನ್ನು ಮುಚ್ಚಿಡಲಾಗದು. ಕಟ್ಟೆಯು ಎರಡು ಮೂರು ಬಾರಿ ಒಡೆದುದರಿಂದ ಬಲಿಯನ್ನು ಕೊಡಬೇಕೆಂಬ ಸಲಹೆಯು ಬಂದು, ಅರವತ್ತು ಮನುಷ್ಯರ ತಲೆಗಳನ್ನೂ ಕುದುರೆ ಕೋಣಗಳನ್ನೂ ಅಲ್ಲಿ ಕಡಿಸಿದರೆಂದು ಪಾಯೆಸನು ಬರೆದಿದ್ದಾನೆ. ಅವರು ಮರಣದಂಡನೆಗೆ ಅರ್ಹರಾದ ಸೆರೆಯಾಳುಗಳೆಂದು ನೂನಿಜನು ಹೇಳುತ್ತಾನೆ. ಇಬ್ಬರು ಬೇರೆ ಬೇರೆ ಕಾಲದಲ್ಲಿ ಬರೆದವರು ಒಂದೇ ಸಂಗತಿಯನ್ನು ಹೇಳುವಾಗ ಅದನ್ನು ಪರದೇಶೀಯರ ಕಟ್ಟುಕಥೆಯೆಂದು ತಳ್ಳಿಹಾಕುವುದು ಸುಲಭವಲ್ಲ. ಬಾಲ್ಯದಿಂದ ಶಾಸ್ತ್ರಗಳನ್ನು ಓದಿದವನಾದ ನಾನು ಏರಿಯ ಮೇಲೆ ನಿಂತು ಒಂದನ್ನು ಮಾತ್ರ ಹೇಳಬಲ್ಲೆನು: ರಾಯನಿಗಿಂತ ನೂರೈವತ್ತು ವರ್ಷಗಳ ಹಿಂದೆ ಅವನದೇ ಸಿಂಹಾಸನದ ರಾಜಕುಮಾರನು ಬರೆಯಿಸಿದ ಹನ್ನೆರಡು ಸಾಧನಗಳಲ್ಲಿ ಈ ಬಲಿಯು ಇಲ್ಲ. ಅಲ್ಲಿರುವುದು ಗಟ್ಟಿಮಣ್ಣು, ಒಳ್ಳೆಯ ಕಲ್ಲು, ಬಲ್ಲವನು, ಕೆಲಸಗಾರರು. ಕುಸಿಯುವ ಕಟ್ಟೆಗೆ ಬೇಕಾಗಿದ್ದುದು ಅವೇ. ಭಯವು ಜ್ಞಾನದ ಸ್ಥಾನವನ್ನು ಆಕ್ರಮಿಸಿದಾಗ ಅರವತ್ತು ಮಂದಿಯ ಪ್ರಾಣಗಳು ಹೋದುವು. ಅವರಲ್ಲಿ ಒಬ್ಬನ ಹೆಸರೂ ನಮಗೆ ಉಳಿದಿಲ್ಲ.

ಆದರೂ ರಾಯನಿಗೆ ಸಲ್ಲಬೇಕಾದ ಕೀರ್ತಿಯನ್ನು ಸಲ್ಲಿಸಲೇಬೇಕು. ಕೆರೆಯ ನೀರಿನಿಂದ ಸಾಗುವಳಿಗೆ ಬಂದ ಭೂಮಿಯನ್ನು ರೈತರಿಗೆ ಒಂಬತ್ತು ವರ್ಷಗಳ ಕಾಲ ಕಂದಾಯವಿಲ್ಲದೆ ಬಿಟ್ಟುಕೊಟ್ಟನೆಂದೂ, ಅನಂತರ ಅದರಿಂದ ಇಪ್ಪತ್ತು ಸಾವಿರ ಪರ್ದಾವುಗಳ, ಅಂದರೆ ಅಷ್ಟು ವರಹಗಳ, ಹುಟ್ಟುವಳಿಯು ಬರುತ್ತಿತ್ತೆಂದೂ ನೂನಿಜನು ಹೇಳಿದ್ದಾನೆ. ರಾಯನು ತೆಲುಗಿನಲ್ಲಿ ರಚಿಸಿದ ‘ಆಮುಕ್ತಮಾಲ್ಯದ’ದ ರಾಜನೀತಿಭಾಗದಲ್ಲಿ, ರಾಜ್ಯವು ಚಿಕ್ಕದಾದರೂ ಕೆರೆ ಕಾಲುವೆಗಳನ್ನು ಮಾಡಿಸಿ ಬಡ ಒಕ್ಕಲಿಗೆ ತೆರಿಗೆಯನ್ನು ಇಳಿಸಿದರೆ ಅರ್ಥವೂ ಧರ್ಮವೂ ಬೆಳೆಯುವುವೆಂಬ ಅಭಿಪ್ರಾಯವಿದೆ. ಕಾವ್ಯದಲ್ಲಿ ಹೇಳಿದ ನೀತಿಯನ್ನು ಭೂಮಿಯ ಮೇಲೆ ನಡೆಸಿದ ದೊರೆಗಳು ವಿರಳ. ಇಂತಹ ಕೆರೆಯ ಅಂಗಳದಲ್ಲಿ ಇಂದು ಪಾಯೆಸನು ಕಂಡ ಆ ವಿಸ್ತಾರದ ನೀರಿಲ್ಲ. ನೀರು ನಿಲ್ಲಬೇಕಾಗಿದ್ದ ಕಡೆಯಲ್ಲಿ ಹೊಲಗಳಿವೆ. ಏರಿ ಉಳಿದಿದೆ, ಕೆರೆ ಉಳಿದಿಲ್ಲ. ಹದಿನೈದು ಸಾವಿರ ಜನರ ದುಡಿಮೆ, ಅರವತ್ತು ಜನರ ರಕ್ತ, ಒಬ್ಬ ಮಹಾರಾಜನ ಸಂಕಲ್ಪ - ಇವೆಲ್ಲವೂ ಸೇರಿ ಕಟ್ಟಿದುದು ಹೀಗಾಯಿತು.

ಊರಿನ ಈಶಾನ್ಯಕ್ಕೆ ತಿರುಗಿ ಕಮಲಾಪುರದ ದಾರಿಯನ್ನು ಹಿಡಿದೆವು. ಸ್ವಲ್ಪ ದೂರದಲ್ಲಿ ಅನಂತಶಯನಗುಡಿ. ಕೃಷ್ಣದೇವರಾಯನು ೧೫೨೪ರಲ್ಲಿ ತನ್ನ ಎಳೆಯ ಮಗನಾದ ತಿರುಮಲನ ಹೆಸರಿನಲ್ಲಿ ಇಲ್ಲೊಂದು ಪುರವನ್ನು ನೆಲೆಗೊಳಿಸಿ ಅನಂತಪದ್ಮನಾಭನಿಗೆ ಈ ದೇವಾಲಯವನ್ನು ಅರ್ಪಿಸಿದನು. ಗರ್ಭಗೃಹದ ಮೇಲೆ ಕಮಾನಿನಾಕಾರದ ಎತ್ತರವಾದ ಛಾವಣಿಯಿದೆ. ಹಂಪೆಯ ಬೇರೆ ಗುಡಿಗಳಲ್ಲಿ ಇಂತಹುದನ್ನು ಕಾಣೆವು. ಒಳಗೆ ಮೂರು ಬಾಗಿಲುಗಳ ಹಿಂದೆ ಉದ್ದವಾದ ಪೀಠವಿದೆ, ದೇವರಿಲ್ಲ. ಇಲ್ಲಿಗೆ ಬರಬೇಕಾಗಿದ್ದ ಶೇಷಶಾಯಿಯು ದಾರಿಯಲ್ಲಿ ಹೂವಿನಹಡಗಲಿ ಸೀಮೆಯ ಹೊಳಲಿನಲ್ಲಿಯೇ ನಿಂತುಬಿಟ್ಟನೆಂದು ಜನರು ಕಥೆ ಹೇಳುವರು. ಬರಿದಾದ ಪೀಠದ ಎದುರಿನ ಜಗಲಿಯಲ್ಲಿ ಕುಳಿತು ಬುತ್ತಿಯನ್ನು ಬಿಚ್ಚಿದೆವು. ಗುಡಿಯ ಹೊರಗಿನ ಸೀಮೆಯಲ್ಲಿ ಕಬ್ಬೂ ಬಾಳೆಯೂ ಭತ್ತವೂ ಹಸುರಾಗಿ ನಿಂತಿದ್ದುವು. ಅದೇ ರಾಯನು ೧೫೨೧ರ ಸುಮಾರಿಗೆ ಮಾಡಿಸಿದ ಬಸವಣ್ಣ ಕಾಲುವೆಯು ಈ ಸೀಮೆಯಲ್ಲಿ ಈಗಲೂ ಹರಿಯುತ್ತಿದೆ. ಒಬ್ಬನೇ ದೊರೆ, ಮೂರು ವರ್ಷಗಳ ಅಂತರದಲ್ಲಿ ಮಾಡಿಸಿದ ಎರಡು ಧರ್ಮಕಾರ್ಯಗಳು; ಒಂದು ಬರಿದಾಗಿದೆ, ಇನ್ನೊಂದು ತುಂಬಿ ಹರಿಯುತ್ತಿದೆ.

ಕಮಲಾಪುರವನ್ನು ಸಮೀಪಿಸುತ್ತಲೇ ಬಲಗಡೆಯೋ ಎಡಗಡೆಯೋ ಎಂದು ಯಾರೂ ಹೇಳಬೇಕಾಗಲಿಲ್ಲ. ನೀರಿನ ಮೇಲಿಂದ ಬಂದ ತಂಗಾಳಿಯೇ ಕೆರೆಯನ್ನು ಹೇಳಿತು. ಬೆಟ್ಟಗಳ ಬಂಡೆಗಳು ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತಿದ್ದುವು. ದಡದಲ್ಲಿ ಬಟ್ಟೆಯನ್ನು ಒಗೆಯುವವರು, ದನಗಳನ್ನು ಮೀಯಿಸುವ ಹುಡುಗರು, ಬೆಳ್ಳಕ್ಕಿಗಳು. ತುಂಗಭದ್ರೆಯಿಂದ ಹೊರಟ ರಾಯ ಕಾಲುವೆಯು ಈ ಕೆರೆಗೆ ನೀರನ್ನುಣಿಸುವುದು. ರಾಜಧಾನಿಯ ಅರಮನೆಗಳ ಪ್ರದೇಶಕ್ಕೆ ಹಿಂದೆ ನೀರು ಹೋದುದು ಈ ಕೆರೆಯಿಂದಲೇ. ಅಲ್ಲಿ ಕಲ್ಲಿನ ಕಂಬಗಳ ಮೇಲೆ ಕಲ್ಲಿನ ದೋಣಿಗಳನ್ನು ಸಾಲಾಗಿ ಜೋಡಿಸಿ ನೀರನ್ನು ಹರಿಯಿಸಿದ ಏರ್ಪಾಡನ್ನು ಇಂದಿಗೂ ನೋಡಬಹುದು. ೧೯೮೦ರ ದಶಕದ ಉತ್ಖನನದಲ್ಲಿ ಅದೇ ಪ್ರದೇಶದಲ್ಲಿ ಕಪ್ಪುಕಲ್ಲಿನ ಸೋಪಾನಗಳುಳ್ಳ ಸುಂದರವಾದ ಪುಷ್ಕರಿಣಿಯೊಂದು ಹೊರಬಂದಿತು. ಅದರ ಕಲ್ಲುಗಳ ಮೇಲೆ, ಯಾವ ಕಲ್ಲು ಯಾವ ದಿಕ್ಕಿನ ಯಾವ ಸಾಲಿನದೆಂದು ತಿಳಿಯುವಂತೆ ಶಿಲ್ಪಿಗಳು ಗುರುತುಗಳನ್ನು ಕೆತ್ತಿದ್ದಾರೆ. ಶತಮಾನಗಳ ಕಾಲ ಮಣ್ಣಿನಡಿಯಲ್ಲಿದ್ದ ಆ ಗುರುತುಗಳನ್ನು ನೋಡಿದಾಗ, ಹಾಳೆಯ ಅಂಚಿನಲ್ಲಿ ಅಂಕೆಯನ್ನು ಹಾಕಿಟ್ಟ ಎಚ್ಚರಿಕೆಯ ಲಿಪಿಕಾರನ ನೆನಪಾಗುವುದು.

೧೫೬೫ರಲ್ಲಿ ರಕ್ಕಸತಂಗಡಿಯ ಯುದ್ಧವಾದ ಮೇಲೆ ಈ ನಗರವು ಲೂಟಿಯಾಗಿ ಬೆಂದುಹೋದುದನ್ನು ಎಲ್ಲರೂ ಬಲ್ಲರು. ಏಳು ಸುತ್ತಿನ ಕೋಟೆಯು ಕಾಯಲಿಲ್ಲ. ಆನೆ ಕುದುರೆಗಳು ಕಾಯಲಿಲ್ಲ. ಅರಮನೆಗಳಲ್ಲಿ ಇಂದು ಉಳಿದಿರುವುದು ಜಗಲಿ ಮಾತ್ರ. ಆದರೆ ಅರಮನೆಯ ಪಕ್ಕದಲ್ಲಿಯೇ ಹರಿಯುತ್ತಿದ್ದ ಕಾಲುವೆಗಳು ನಿಲ್ಲಲಿಲ್ಲ. ಹಿರಿಯ ಕಾಲುವೆಯೆಂದು ಹಿಂದೆ ಹೆಸರಾಗಿದ್ದ, ಈಗ ತುರ್ತು ಕಾಲುವೆಯೆಂದು ಕರೆಯುವ ನಾಲೆಯು ಹಂಪೆಯ ಕಣಿವೆಯಲ್ಲಿ ಇಂದಿಗೂ ಗದ್ದೆ ತೋಟಗಳಿಗೆ ನೀರುಣಿಸುತ್ತಿದೆ. ದೊಡ್ಡ ಅಣೆಯನ್ನು ಕಟ್ಟಿದಾಗ ಮೇಲಿನ ಹಳೆಯ ಒಡ್ಡು ಮುಳುಗಿದರೂ, ರಾಯ ಬಸವಣ್ಣ ಕಾಲುವೆಗಳಿಗೆ ಹೊಸ ಜಲಾಶಯದಿಂದಲೇ ನೀರನ್ನು ಬಿಡುವ ಏರ್ಪಾಡಾಯಿತು. ಸೈನ್ಯವು ಕಾಯ್ದುದು ಹೋಯಿತು. ಗುದ್ದಲಿಯು ಕಾಯ್ದುದು ಉಳಿಯಿತು. ಯಾತಕ್ಕೆಂದರೆ ದೊರೆಯು ಯಾರೇ ಆಗಲಿ, ಭತ್ತವು ಬೇಕಾದವನು ವರ್ಷಕ್ಕೊಮ್ಮೆ ಕಾಲುವೆಗೆ ಇಳಿದು ಹೂಳನ್ನು ಎತ್ತಲೇಬೇಕು.

ಕೆರೆಯ ಏರಿಯ ಮೇಲೆ ವಯಸ್ಸಾದ ಒಕ್ಕಲಿಗನೊಬ್ಬನು ಕುಳಿತಿದ್ದನು. “ಈ ಕೆರೆಯನ್ನು ಯಾರು ಕಟ್ಟಿಸಿದರು ಯಜಮಾನರೇ?” ಎಂದು ಕೇಳಿದೆನು. ಅವನು ತಲೆಯ ರುಮಾಲನ್ನು ಸರಿಮಾಡಿಕೊಂಡು, “ಯಾವ ರಾಯರು ಕಟ್ಟಿಸಿದರೋ ನನಗ ಗೊತ್ತಿಲ್ರಿ ಸ್ವಾಮೇರೆ. ನಮ್ಮಪ್ಪ ಕಾಲುವಿ ಹೂಳು ತೆಗೀತಿದ್ದ, ಅವರಪ್ಪನೂ ತೆಗೀತಿದ್ದ. ಅಷ್ಟು ಗೊತ್ತು” ಎಂದನು. ನಾವು ಶಾಸನಗಳಲ್ಲಿ ಹುಡುಕುವ ಇತಿಹಾಸದ ಮತ್ತೊಂದು ಅರ್ಧವು ಈತನ ಬಾಯಲ್ಲಿತ್ತು. ನಮ್ಮ ಹಳೆಯ ಶಾಸನಗಳು ಆ ಅರ್ಧವನ್ನು ಮರೆತವುಗಳಲ್ಲ. ಕೆರೆಯನ್ನು ಕಟ್ಟಿದವನಿಗೂ ಕಾಪಾಡಿದವನಿಗೂ ಕೊಟ್ಟ ಕಟ್ಟುಕೊಡಗೆ, ಕೆರೆಯ ಪೋಷಣೆಗಾಗಿ ಬಿಟ್ಟ ಬಿತ್ತುವಟ್ಟ, ಹತ್ತರಲ್ಲೊಂದು ಪಾಲಾದ ದಶವಂದ, ಹೂಳನ್ನು ಸಾಗಿಸಿ ಏರಿಗೆ ಮಣ್ಣು ಹಾಕುವುದಕ್ಕೆ ಇಟ್ಟ ಕೆರೆಯ ಬಂಡಿ - ಈ 
ಶಬ್ದಗಳು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುವುವು. ಕೆರೆಯನ್ನು ಕಟ್ಟಿಸುವಾಗಲೇ ಅದರ ಮುಂದಿನ ಜೀವನಕ್ಕೆ ಭೂಮಿಯನ್ನು ಬಿಡುವುದು ನಮ್ಮ ನಾಡಿನ ಪದ್ಧತಿಯಾಗಿತ್ತು. ಆ ಭೂಮಿಗಳು ಅನ್ಯಾಧೀನವಾದಂತೆ, ಕೆರೆಯು ಊರಿನವರ ಕೈಬಿಟ್ಟು ಕಚೇರಿಯ ಕಾಗದಗಳಿಗೆ ಸೇರಿದಂತೆ, ಬಂಡಿಯೂ ನಿಂತಿತು, ನೀರೂ ನಿಂತಿತು.

ಕಮಲಾಪುರದಿಂದ ಕಂಪಲಿಯ ದಾರಿಯಲ್ಲಿ ಮಾಲ್ಯವಂತ ಪರ್ವತವನ್ನು ದಾಟಿ, ಬುಕ್ಕರಾಯನ ಹೆಸರನ್ನೂ ಸಾಗರವೆಂಬ ಶಬ್ದವನ್ನೂ ಕೂಡಿಸಿಕೊಂಡಿರುವ ಬುಕ್ಕಸಾಗರದ ಬಳಿ ಸೇತುವೆಯ ಮೇಲೆ ನದಿಯನ್ನು ದಾಟಿದೆವು. ಪಾಯೆಸನು ಈ ಹೊಳೆಯನ್ನು ಬುಟ್ಟಿಯಂತಹ ಹರಿಗೋಲುಗಳಲ್ಲಿ ಜನರು ದಾಟುವುದನ್ನು ಕಂಡು ಆಶ್ಚರ್ಯಪಟ್ಟಿದ್ದನು. ಆನೆಗೊಂದಿಯನ್ನು ಬಿಟ್ಟು ಬೆಟ್ಟಗಳ ನಡುವೆ ಸ್ವಲ್ಪ ದೂರ ಹೋದರೆ ಪಂಪಾಸರಸ್ಸು. ಮಾನಸ, ಬಿಂದು, ನಾರಾಯಣ, ಪುಷ್ಕರಗಳೊಡನೆ ಪಂಚಸರೋವರಗಳಲ್ಲಿ ಇದನ್ನು ಎಣಿಸುವರು. ವಾಲ್ಮೀಕಿಗಳ ಕಿಷ್ಕಿಂಧಾಕಾಂಡವು ಆರಂಭವಾಗುವುದೇ ಪಂಪೆಯ ದಡದಲ್ಲಿ. ಸೀತೆಯನ್ನು ಕಳೆದುಕೊಂಡ ರಾಮನು ವಸಂತದ ಆ ಸರಸ್ಸಿನ ಸೊಬಗನ್ನು ನೋಡಿ ದುಃಖಿಸುವುದನ್ನು ಓದಿದವರು ಮರೆಯಲಾರರು. ಬೆಳಿಗ್ಗೆ ದಡ ಕಾಣದ ಜಲರಾಶಿಯನ್ನು ಕಂಡಿದ್ದ ನಮ್ಮ ಕಿರಿಯ ಮಿತ್ರರು ಈ ಸಣ್ಣ ಕೊಳವನ್ನು ಕಂಡು, “ಇಷ್ಟೆಯೆ?” ಎಂದರು. ಇಷ್ಟೆಯೇ. ಆದರೆ ಈ ದಿನ ನಾವು ಕಂಡ ನೀರುಗಳಲ್ಲಿ ಹೆಚ್ಚು ಕಾಲ ಜನರ ಮನಸ್ಸಿನಲ್ಲಿ ನಿಂತಿರುವುದು ಇದೇ. ಇದನ್ನು ಯಾವ ದೊರೆಯೂ ಕಟ್ಟಿಸಿದನೆಂದು ಕಥೆಯಿಲ್ಲ. ಮಿಂದವರು, ಹಾಡಿದವರು, ಪಾಚಿಯನ್ನು ತೆಗೆದವರು ಇದನ್ನು ಉಳಿಸಿಕೊಂಡು ಬಂದಿದ್ದಾರೆ.

ಸಂಜೆಯಾಗುತ್ತಿತ್ತು. ಮೆಟ್ಟಿಲ ಮೇಲೆ ಕುಳಿತು, ದಾನಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಕಾಣಬರುವ ಒಂದು ಶ್ಲೋಕದ ಅರ್ಥವನ್ನು ಮಿತ್ರರಿಗೆ ಹೇಳಿದೆನು. ಕೊಡುವುದು ಕಾಯುವುದು ಎಂಬ ಎರಡರಲ್ಲಿ ಕಾಯುವುದೇ ಶ್ರೇಷ್ಠವೆಂದೂ, ಕೊಟ್ಟವನಿಗೆ ಸ್ವರ್ಗವು ದೊರೆತರೆ ಕಾಯ್ದವನಿಗೆ ಚ್ಯುತಿಯಿಲ್ಲದ ಪದವಿಯು ದೊರೆಯುವುದೆಂದೂ ಅದರ ತಾತ್ಪರ್ಯ. ಪಾಠಶಾಲೆಯಲ್ಲಿ ಇದನ್ನು ಕಂಠಪಾಠ ಮಾಡಿದಾಗ, ದಾನಭೂಮಿಯನ್ನು ಮುಂದಿನ ರಾಜರು ಕಸಿದುಕೊಳ್ಳದಿರಲೆಂದು ಹೇಳಿದ ಉಪಾಯದ ಮಾತೆಂದು ಭಾವಿಸಿದ್ದೆನು. ಅಣೆಯ ೧೯ನೆಯ ಬಾಗಿಲನ್ನೂ, ಬತ್ತಿದ ರಾಯಕೆರೆಯನ್ನೂ, ಕಮಲಾಪುರದ ಒಕ್ಕಲಿಗನನ್ನೂ ಒಂದೇ ದಿನ ನೋಡಿದ ಮೇಲೆ ಅದು ಉಪಾಯದ ಮಾತಲ್ಲ, ಅನುಭವದ ಮಾತೆಂದು ತಿಳಿದುಬಂದಿತು.

ಆದುದರಿಂದ ನಮ್ಮ ಜಿಲ್ಲೆಯ ವಿದ್ಯಾವಂತರಲ್ಲಿ ಒಂದು ವಿಜ್ಞಾಪನೆ. ಜಲಾಶಯವು ತುಂಬಿದ ವರ್ಷ ಬಾಗಿನವನ್ನು ಅರ್ಪಿಸುವ ಪದ್ಧತಿಯು ಚೆನ್ನಾದುದೇ; ಅದರ ಜೊತೆಗೆ ಪ್ರತಿಯೊಂದು ಊರಿನವರೂ ತಮ್ಮ ಕೆರೆಯಿಂದ ವರ್ಷಕ್ಕೆ ಕೆಲವು ಬಂಡಿಗಳಷ್ಟಾದರೂ ಹೂಳನ್ನು ಎತ್ತಬೇಕು. ದೊಡ್ಡ ಅಣೆಯ ಹೂಳನ್ನು ನಾವು ಎತ್ತಲಾರೆವು. ಮೇಲಿನ ನಾಡಿನ ಕಾಡು ಉಳಿದರೆ ಬರುವ ಮಣ್ಣು ಕಡಮೆಯಾಗುವುದೆಂಬುದನ್ನು ಮಕ್ಕಳಿಗೆ ತಿಳಿಸಬಲ್ಲೆವು. ಅಲ್ಲದೆ ತೂಬು, ಕೋಡಿ, ಒಡ್ಡು, ನಾಲೆಗಳ ಹಳೆಯ ಹೆಸರುಗಳೂ ಅವುಗಳ ಸರದಿಯ ನಿಯಮಗಳೂ ಇಂದಿನ ವೃದ್ಧ ನೀರುಗಂಟಿಗಳ ಬಾಯಲ್ಲಿ ಮಾತ್ರ ಉಳಿದಿವೆ. ಅವರು ಹೋದರೆ ಅವೂ ಹೋಗುವುವು. ತಮ್ಮ ತಮ್ಮ ಊರಿನಲ್ಲಿ ಅವರ ಬಳಿ ಕುಳಿತು ಕೇಳಿ, ಅವರ ಹೆಸರಿನ ಸಹಿತವಾಗಿ ಬರೆದು ಕಳುಹಿಸುವವರಿದ್ದರೆ ಈ ಪತ್ರಿಕೆಯ ಪುಟಗಳಲ್ಲಿ ಅದಕ್ಕೆ ಸ್ಥಳವು ದೊರೆಯದಿರಲಾರದು. ಕಟ್ಟಿಸಿದ ರಾಯರ ಹೆಸರುಗಳು ಕಲ್ಲಿನ ಮೇಲಿವೆ. ಕಾಯ್ದವರ ಹೆಸರುಗಳನ್ನು ಕಾಗದದ ಮೇಲಾದರೂ ಬರೆದಿಡೋಣ.